ಓಟು, ಆಣೆ ಮತ್ತು ನಮ್ಮವ್ವನ ನಿಯತ್ತು

ನಮ್ಮೂರು ಅಮ್ಮಿನಬಾವಿ. ಧಾರವಾಡದಿಂದ ಸವದತ್ತಿಗೆ ಹೋಗುವ ದಾರಿಯ ಮೇಲಿನ ಊರು. ಹುಣ್ಣಿಮೆ ಬಂದರೆ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಚಕ್ಕಡಿ, ಟ್ರ್ಯಾಕ್ಟರು, ಬರಿಗಾಲಿನ ಮಂದಿ ಎಲ್ಲ 'ಉಧೋ ಉಧೋ' ಎನ್ನುತ್ತ ಇದೇ ದಾರಿ ಹಿಡಿಯುತ್ತಾರೆ. ಮಲಪ್ರಭೆಯ ನೀರು ನಮ್ಮೂರಾಗ ಶುದ್ಧವಾಗಿ ಹುಬ್ಬಳ್ಳಿ-ಧಾರವಾಡದ ನಳಗಳಿಗೆ ಹೋಗುತ್ತದೆ. ಚುನಾವಣೆ ಬಂದಾಗ ಇದೇ ದಾರಿಯಲ್ಲಿ ಇನ್ನೊಂದು ಮೆರವಣಿಗೆ ಬರುತ್ತದೆ. ಹಗಲು ಬಂದವರು ಕೈ ಮುಗಿಯುತ್ತಾರೆ. ರಾತ್ರಿ ಬಂದವರು ಆಣೆ ಮಾಡಿಸಿಕೊಂಡು ಹೋಗುತ್ತಾರೆ.

ಅಂಥ ಒಂದು ರಾತ್ರಿಯ ಮಾತು ಹೇಳುತ್ತೇನೆ. ಬೆಳಗಾದರೆ ಮತದಾನ. ನಮ್ಮ ಕೇರಿಗೆ ನಾಲ್ಕು ಮಂದಿ ಬಂದರು. ಒಬ್ಬನ ಕೈಯಲ್ಲಿ ಹಿತ್ತಾಳಿ ತಾಟು. ತಾಟಿನಲ್ಲಿ ಎಲಿ-ಅಡಿಕಿ, ಒಂದು ಮುಷ್ಟಿ ಭಂಡಾರ, ನಡುವೆ ಎಲ್ಲಮ್ಮನ ಫೋಟೊ. ಇನ್ನೊಬ್ಬನ ಕೈಯಲ್ಲಿ ಮತದಾರರ ಪಟ್ಟಿ. ಪಟ್ಟಿಯಲ್ಲಿ ನಮ್ಮ ಮನೆಯ ಹೆಸರುಗಳ ಮುಂದೆ ಪೆನ್ಸಿಲಿನ ಗೀಟು. ಅವ್ವನ ಕೈಗೆ ಐನೂರರ ಒಂದು ನೋಟು, ಒಂದು ಸೀರೆ ಕೊಟ್ಟು, 'ಭಂಡಾರ ಮುಟ್ಟಬೇ ಯವ್ವಾ, ಅಷ್ಟ ಸಾಕು' ಎಂದರು. ಅವ್ವ ಮುಟ್ಟಿದಳು.

ನಾನು ಅಲ್ಲೇ ಕಟ್ಟೆಯ ಮೇಲೆ ಕೂತಿದ್ದೆ. ನಮ್ಮ ಮನೆತನದಲ್ಲಿ ಮೊದಲ ಸಲ ಡಿಗ್ರಿ ಮುಗಿಸಿದವನು ನಾನು. ನನ್ನ ಎರಡು ಪದ್ಯ ಆಗಲೇ ಅಚ್ಚಾಗಿದ್ದವು. ಒಂದರಲ್ಲಿ ಬೆಂಕಿ, ಇನ್ನೊಂದರಲ್ಲಿ ಸಿಡಿಲು. ತಾಟು ನನ್ನ ಕಡೆ ತಿರುಗುವ ಮೊದಲೇ ನಾನು ಎದ್ದು ಹಿತ್ತಲಿಗೆ ಹೋದೆ. ಅವರು ಹೋಗುವ ತನಕ ಅಲ್ಲೇ ಕತ್ತಲಲ್ಲಿ ನಿಂತೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಭಯದ ಬಗ್ಗೆ ಬರೆಯುವವನು ತನ್ನ ಭಯವನ್ನು ಮುಚ್ಚಿಟ್ಟು ಬರೆದರೆ ಅದು ಭಾಷಣ ಆಗುತ್ತದೆ.

ಅವರು ಹೋದ ಮೇಲೆ ನನ್ನ ಬಾಯಿ ಬಂತು. 'ಯವ್ವಾ, ರೊಕ್ಕ ಅವರ ಅಪ್ಪನ ಮನೀದಲ್ಲ. ತಗೊಂಡಿ, ಇರಲಿ. ಓಟು ಮಾತ್ರ ನಿನ್ನ ಮನಸಿಗೆ ಬಂದಾವರಿಗೆ ಹಾಕು' ಎಂದೆ.

ಅವ್ವ ನನ್ನ ಮಾರಿ ನೋಡಿದಳು. 'ನೀ ಕಲಿತಾಂವ. ನಿನಗ ಮಾತು ಅಂದ್ರ ಗಾಳಿ. ನನಗ ಹೊಲ ಇಲ್ಲ, ಬಂಗಾರ ಇಲ್ಲ. ಇರೂದು ಒಂದ ಮಾತು. ಅದನ್ನೂ ಕಳಕೊಂಡ್ರ ನನ್ನ ಹತ್ರ ಏನ ಉಳೀತೈತಿ?'

ಗೆಳೆಯರೆ, ನನ್ನ ಡಿಗ್ರಿಯಲ್ಲಿ ಈ ಪ್ರಶ್ನೆಗೆ ಉತ್ತರ ಇರಲಿಲ್ಲ. ನಾವು ಸಭೆಗಳಲ್ಲಿ ಬಹಳ ಸರಳವಾಗಿ ಹೇಳಿಬಿಡುತ್ತೇವೆ: ಬಡವರು ಓಟು ಮಾರಿಕೊಳ್ಳುತ್ತಾರೆ, ಅವರಿಗೆ ಪ್ರಜ್ಞೆ ಇಲ್ಲ, ನೀತಿ ಇಲ್ಲ ಎಂದು. ಇಲ್ಲಿ ನೋಡಿದರೆ ಉಲ್ಟಾ. ನಮ್ಮವ್ವನಿಗೆ ನೀತಿ ಇಲ್ಲ ಅಂತಲ್ಲ, ನೀತಿ ಇದೆ ಅಂತಲೇ ಅವಳ ಓಟು ಕಟ್ಟಿಹಾಕಲ್ಪಟ್ಟಿತು. ಮಾತಿಗೆ ಬೆಲೆ ಕೊಡದ ಮನುಷ್ಯಳಾಗಿದ್ದರೆ ಆ ತಾಟಿಗೆ ಏನು ಕಿಮ್ಮತ್ತು ಇರುತ್ತಿತ್ತು? ರೊಕ್ಕ ಹಂಚುವವನಿಗೆ ಇದು ಚೆನ್ನಾಗಿ ಗೊತ್ತು. ಅವನು ನಂಬಿರುವುದು ಐನೂರರ ನೋಟನ್ನಲ್ಲ. ನಮ್ಮವ್ವನ ಪ್ರಾಮಾಣಿಕತೆಯನ್ನು.

ಹಾಗಾದರೆ ಅಲ್ಲಿ ಕೆಲಸ ಮಾಡಿದ್ದು ಭಯವೋ, ಮೌಲ್ಯವೋ? ಇದನ್ನು ಬಿಡಿಸಿ ನೋಡಬೇಕು.

ಮೊದಲನೆಯದು ಹೊಟ್ಟೆಯ ಭಯ. ಓಟಿನ ಮರುದಿನವೂ ಅದೇ ಹೊಲಕ್ಕೆ ಕಳೆ ತೆಗೆಯಲು ಹೋಗಬೇಕು. ಹತ್ತಿ ಬಿಡಿಸಲು ಕರೆಯುವವರು ಅವರೇ, ಮದುವೆಗೆ ಕೈಗಡ ಕೊಡುವವರು ಅವರೇ, ಮನೆ ಮಂಜೂರಿಯ ಪಟ್ಟಿಯಲ್ಲಿ ಹೆಸರು ಇರಲಿ ಎಂದು ಹೇಳಬೇಕಾದವರೂ ಅವರ ಪೈಕಿಯವರೇ. ಯಾರೂ ಬಡಿಗೆ ಎತ್ತುವುದಿಲ್ಲ, ಬಯ್ಯುವುದೂ ಇಲ್ಲ. ಕರೆಯುವುದನ್ನು ನಿಲ್ಲಿಸಿದರೆ ಸಾಕು. ಕೂಲಿಯವರನ್ನು ಕರೆಯದೆ ಇರುವುದಕ್ಕೆ ಯಾವ ಪೊಲೀಸ್ ಠಾಣೆಯಲ್ಲಿ ಕೇಸು ಬರೆದುಕೊಳ್ಳುತ್ತಾರೆ?

ಎರಡನೆಯದು 'ಅವರಿಗೆ ತಿಳೀತೈತಿ' ಎನ್ನುವ ಭಯ. ಮಶೀನಿನಲ್ಲಿ ಬಟನ್ ಒತ್ತಿದರೆ ಸದ್ದು ಬರುತ್ತದೆ, ಪಕ್ಕದ ಪೆಟ್ಟಿಗೆಯ ಗಾಜಿನಲ್ಲಿ ಏಳು ಸೆಕೆಂಡು ಚೀಟಿ ಕಾಣುತ್ತದೆ, ಮೇಲೆ ಕ್ಯಾಮೆರಾ ಇರುತ್ತದೆ. ಇಷ್ಟು ಸಾಕು, ನಮ್ಮ ಮುದುಕಿಯರು ಎದೆ ಹಿಡಿದುಕೊಂಡು ಹೊರಗೆ ಬರುತ್ತಾರೆ. ನಾವು ನಕ್ಕು, 'ಹುಚ್ಚಿ, ಗುಪ್ತ ಮತದಾನ ಇದು' ಎನ್ನುತ್ತೇವೆ. ಆದರೆ ಅವರ ಭಯ ಪೂರ್ತಿ ಹುಚ್ಚಲ್ಲ. ಒಬ್ಬಳ ಓಟು ಯಾರಿಗೂ ತಿಳಿಯದು, ಸರಿ. ಒಂದು ಮತಗಟ್ಟೆಯ ಓಟು ಎಲ್ಲರಿಗೂ ತಿಳಿಯುತ್ತದೆ. ಕಾಗದದ ಮತಪತ್ರ ಇದ್ದಾಗ ಬೇರೆ ಬೇರೆ ಮತಗಟ್ಟೆಗಳ ಓಟುಗಳನ್ನು ಬೆರೆಸಿ ಎಣಿಸುವ ಅವಕಾಶ ನಿಯಮದಲ್ಲಿ ಇತ್ತು. ಮಶೀನು ಬಂದ ಮೇಲೆ ಮತಗಟ್ಟೆವಾರು ಲೆಕ್ಕ ಬಯಲಾಯಿತು. ಕೇರಿಯ ಮಂದಿ ಎಲ್ಲ ಒಂದೇ ಮತಗಟ್ಟೆಯಲ್ಲಿ ಇದ್ದರೆ ಕೇರಿ ಯಾರಿಗೆ ಹಾಕಿತು ಎಂಬುದು ಫಲಿತಾಂಶದ ದಿನ ಸಂಜೆಯೊಳಗೆ ಅಗಸಿಯ ಮುಂದೆ ಚರ್ಚೆಯಾಗುತ್ತದೆ. ಹಲವು ಮತಗಟ್ಟೆಗಳ ಮಶೀನುಗಳನ್ನು ಕೂಡಿಸಿ ಒಟ್ಟು ಮೊತ್ತ ಮಾತ್ರ ತೋರಿಸುವ ಯಂತ್ರಕ್ಕೆ ಟೋಟಲೈಜರ್ ಎನ್ನುತ್ತಾರೆ. ಚುನಾವಣಾ ಆಯೋಗ ಅದನ್ನು 2008ರಲ್ಲೇ ಕೇಳಿತು. ಕಾನೂನು ಆಯೋಗ 2015ರ ತನ್ನ 255ನೇ ವರದಿಯಲ್ಲಿ ಬೇಕು ಎಂದಿತು. ಕೇಂದ್ರ ಸರಕಾರ ಒಪ್ಪಲಿಲ್ಲ. ಯಾಕೆ ಒಪ್ಪಲಿಲ್ಲ ಎಂಬುದನ್ನು ತಿಳಿಯಲು ದೊಡ್ಡ ವಿದ್ವತ್ತು ಬೇಕಿಲ್ಲ. ಯಾವ ಕೇರಿ ಯಾರ ಕಡೆ ಎಂಬ ಲೆಕ್ಕ ಎಲ್ಲ ಪಕ್ಷಗಳಿಗೂ ಬೇಕು.

ಗ್ರಾಮ ಪಂಚಾಯತಿ ಚುನಾವಣೆಯಲ್ಲಿ ಇದು ಇನ್ನೂ ಬಿಗಿ. ಸುಮಾರು ನಾಲ್ಕುನೂರು ಜನಸಂಖ್ಯೆಗೆ ಒಬ್ಬ ಸದಸ್ಯ. ಅದರಲ್ಲಿ ಓಟು ಇರುವವರು ಇನ್ನೂ ಕಡಿಮೆ. ಹತ್ತು ಓಟು ಅತ್ತಿತ್ತ ಆದರೆ ಹತ್ತು ಮನೆಗಳ ಮೇಲೆ ಕಣ್ಣು ಬೀಳುತ್ತದೆ. 2020ರ ಡಿಸೆಂಬರಿನ ಪಂಚಾಯತಿ ಚುನಾವಣೆಯ ಹೊತ್ತಿಗೆ ರಾಜ್ಯದ ಕೆಲವು ಹಳ್ಳಿಗಳಲ್ಲಿ ಸದಸ್ಯ ಸ್ಥಾನಗಳನ್ನೇ ಹರಾಜು ಹಾಕಿದ ಸುದ್ದಿ ಬಂತು. ರಾಜ್ಯ ಚುನಾವಣಾ ಆಯೋಗ ಎಚ್ಚರಿಕೆ ಕೊಡಬೇಕಾಯಿತು. ಆ ಹರಾಜಿಗೆ ಕೊಟ್ಟ ಹೆಸರು ನೋಡಿರಿ. ದೇವರ ಗುಡಿಯ ಜೀರ್ಣೋದ್ಧಾರ. ಊರಿನ ಒಗ್ಗಟ್ಟು. ಅವಿರೋಧ ಆಯ್ಕೆ. ಎಷ್ಟು ಒಳ್ಳೆಯ ಶಬ್ದಗಳು! ಗುಡಿಗೆ ಸೇರಿಸಿಕೊಳ್ಳದ ಮಂದಿಯ ಓಟನ್ನೂ ಗುಡಿಯ ಹೆಸರಿನಲ್ಲಿ ನುಂಗಬಹುದು. ಅಡ್ಡ ಮಾತಾಡಿದವನು ಊರು ಒಡೆಯುವವನು.

ಮೂರನೆಯದು ದೈವದ ಭಯ. ಎಲ್ಲಮ್ಮನ ಭಂಡಾರ ನಮ್ಮ ಕೇರಿಗೆ ಹೊಸದಲ್ಲ. ತಾಯಿ ಮುನಿಯುತ್ತಾಳೆ ಎಂದು ಹೆದರಿಸಿಯೇ ನಮ್ಮ ಹೆಣ್ಣುಮಕ್ಕಳ ಕೊರಳಿಗೆ ಮುತ್ತು ಕಟ್ಟಿಸಿದರು. ದೇವದಾಸಿ ಬಿಡುವುದನ್ನು ತಡೆಯಲು ಕರ್ನಾಟಕ 1982ರಲ್ಲಿ ಕಾಯ್ದೆ ಮಾಡಬೇಕಾಯಿತು. ಅದೇ ಭಂಡಾರ ಈಗ ಓಟಿನ ತಾಟಿಗೆ ಬಂದು ಕೂತಿದೆ. ಅಂದು ಮೈ ಕಟ್ಟಿತು, ಇಂದು ಬೆರಳು ಕಟ್ಟುತ್ತದೆ.

ಕಾನೂನು ಇದನ್ನೆಲ್ಲ ಕಂಡಿಲ್ಲವೆಂದಲ್ಲ. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 123ನೇ ಕಲಮು ಲಂಚವನ್ನು ಮಾತ್ರ ಭ್ರಷ್ಟ ಆಚರಣೆ ಎಂದು ಕರೆಯುವುದಿಲ್ಲ. ಜಾತಿಯಿಂದ ಹೊರಗೆ ಹಾಕುತ್ತೇವೆ ಎಂದು ಬೆದರಿಸುವುದು, ದೇವರ ಕೋಪಕ್ಕೆ ಗುರಿಯಾಗುತ್ತೀರಿ ಎಂದು ನಂಬಿಸುವುದು ಇವೂ ಭ್ರಷ್ಟ ಆಚರಣೆಗಳೇ. ಯಾರಿಗೆ ಓಟು ಹಾಕಿದೆ ಎಂದು ಹೇಳುವಂತೆ ಯಾರನ್ನೂ ಬಲವಂತ ಮಾಡುವಂತಿಲ್ಲ ಎಂದು 94ನೇ ಕಲಮು ಹೇಳುತ್ತದೆ. ಪರಿಶಿಷ್ಟ ಜಾತಿ, ಪಂಗಡದವರನ್ನು ಇಂಥವರಿಗೇ ಓಟು ಹಾಕು ಎಂದು ಬೆದರಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ದೌರ್ಜನ್ಯ. ಇಷ್ಟೆಲ್ಲ ಪುಸ್ತಕದಲ್ಲಿ ಇದೆ. ತಾಟು ಮಾತ್ರ ಕೇರಿಯಿಂದ ಕೇರಿಗೆ ತಿರುಗುತ್ತಲೇ ಇದೆ. ಯಾಕೆಂದರೆ ಕಾನೂನು ಬೆದರಿಕೆಯನ್ನು ಹುಡುಕುತ್ತದೆ. ಅಲ್ಲಿ ಬೆದರಿಕೆ ಇಲ್ಲ. ಅಲ್ಲಿ ಇರುವುದು 'ಯವ್ವಾ' ಎನ್ನುವ ಪ್ರೀತಿಯ ಮಾತು, ಸೀರೆ, ಎಲಿ-ಅಡಿಕಿ. ಭಯ ನೀತಿಯ ಅಂಗಿ ತೊಟ್ಟು ಬಂದಿದೆ.

ನಾಲ್ಕನೆಯದು ಇದೇ. ಋಣದ ಭಯ. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು. ತಿಂದು ತಾಟಿಗೆ ಒದೆಯಬಾರದು. ಈ ಮಾತುಗಳು ಎಲ್ಲಿಂದ ಬಂದವು? ಜೀತದ ಮನೆಯಿಂದ ಬಂದವು. ಒಡೆಯನಿಗೆ ನಿಯತ್ತಾಗಿರುವುದೇ ಆಳಿನ ದೊಡ್ಡ ಗುಣ ಎಂದು ನೂರಾರು ವರ್ಷ ಹೇಳಿಕೊಟ್ಟರು. ದುಡಿದವರು ನಾವು, ಬೆಳೆದವರು ನಾವು, ಆದರೂ ಉಪ್ಪಿನ ಋಣ ನಮ್ಮ ತಲೆಯ ಮೇಲೆ! ಒಡೆಯ ನಮ್ಮ ಬೆವರಿನ ಋಣದಲ್ಲಿದ್ದಾನೆ ಎಂಬ ಗಾದೆ ನಮ್ಮ ಭಾಷೆಯಲ್ಲಿ ನನಗೆ ಸಿಕ್ಕಿಲ್ಲ.

ಇಲ್ಲಿ ಒಬ್ಬ ದೊಡ್ಡ ಎದುರಾಳಿಯ ಮಾತು ಕೇಳಬೇಕು. ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್. ಹೆಂಗಸರಿಗೂ ಓಟು ಬೇಕೆಂದು 1867ರಲ್ಲಿ ಅಲ್ಲಿನ ಪಾರ್ಲಿಮೆಂಟಿನಲ್ಲಿ ವಾದಿಸಿದವನು. ಅಂಥವನು ಗುಪ್ತ ಮತದಾನ ಬೇಡ ಎಂದು 1861ರಲ್ಲಿ ಬರೆದ. ಅವನ ತರ್ಕ ಹೀಗೆ: ಓಟು ನಿನ್ನ ಖಾಸಗಿ ಆಸ್ತಿಯಲ್ಲ, ಎಲ್ಲರ ಒಳಿತಿಗಾಗಿ ನಿನ್ನ ಕೈಗೆ ಕೊಟ್ಟ ಹೊಣೆ. ಹೊಣೆಯನ್ನು ನಾಲ್ಕು ಮಂದಿಯ ಎದುರು ನಿರ್ವಹಿಸಬೇಕು. ಕತ್ತಲಲ್ಲಿ ಬಿಟ್ಟರೆ ಮನುಷ್ಯ ಸ್ವಾರ್ಥಕ್ಕೆ ಬೀಳುತ್ತಾನೆ. ನೆರೆಯವರ ಕಣ್ಣಿನ ನಾಚಿಕೆ ಅವನನ್ನು ನೇರವಾಗಿ ಇಡುತ್ತದೆ.

ಓದಿದಾಗ ನನಗೆ ಇದು ಸರಿ ಅನ್ನಿಸಿತು. ನಾವೂ ಹಾಗೇ ಅಲ್ಲವೇ ಹೇಳುವುದು, ಎದೆ ತಟ್ಟಿ ಹೇಳು ಎಂದು? ಆದರೆ ನೆರೆಯವರ ಕಣ್ಣು ಎಂದರೆ ಯಾರ ಕಣ್ಣು? ಸಮಾನರ ನಡುವೆ ಅದು ನಾಚಿಕೆ ಹುಟ್ಟಿಸಬಹುದು. ಮೇಲು-ಕೀಳಿನ ನಡುವೆ ಅದು ಅಂಜಿಕೆ ಹುಟ್ಟಿಸುತ್ತದೆ. ಮಿಲ್ಲನ ದೇಶದ ಪಕ್ಕದಲ್ಲೇ ಇದಕ್ಕೆ ಸಾಕ್ಷಿ ಇತ್ತು. ಐರ್ಲೆಂಡಿನಲ್ಲಿ ಗೇಣಿ ರೈತರು ಜಮೀನ್ದಾರನ ಎದುರಿಗೇ ಬಾಯಿ ಬಿಟ್ಟು ಓಟು ಹೇಳಬೇಕಿತ್ತು. 1828ರಲ್ಲಿ ಕ್ಲೇರ್ ಎಂಬ ಕ್ಷೇತ್ರದಲ್ಲಿ ಅವರು ಧೈರ್ಯ ಮಾಡಿ ಧಣಿಗಳನ್ನು ಧಿಕ್ಕರಿಸಿ ಡೇನಿಯಲ್ ಓಕಾನಲ್‌ನನ್ನು ಗೆಲ್ಲಿಸಿದರು. ಮುಂದಿನ ವರ್ಷವೇ ಓಟಿನ ಹಕ್ಕಿಗೆ ಬೇಕಾದ ಆಸ್ತಿಯ ಮಟ್ಟವನ್ನು ಏರಿಸಿ, ಆ ಸಣ್ಣ ರೈತರ ಓಟನ್ನೇ ಕಿತ್ತುಕೊಂಡರು. ಬಯಲಿನಲ್ಲಿ ತೋರಿಸಿದ ಧೈರ್ಯಕ್ಕೆ ಸಿಕ್ಕ ಬೆಲೆ ಅದು. ಬ್ರಿಟನ್ನಿಗೆ ಗುಪ್ತ ಮತದಾನ ಬಂದದ್ದು 1872ರಲ್ಲಿ.

ಅದೇ ಓಕಾನಲ್‌ನನ್ನು ಬಾಬಾಸಾಹೇಬರು ಸಂವಿಧಾನ ಸಭೆಯಲ್ಲಿ 25 ನವೆಂಬರ್ 1949ರಂದು ನೆನೆದರು. ಉಪಕಾರಸ್ಮರಣೆಗೂ ಒಂದು ಗಡಿ ಇದೆ, ಸ್ವಂತ ಮಾನವನ್ನು ಒತ್ತೆಯಿಟ್ಟು ಯಾರೂ ಕೃತಜ್ಞರಾಗಿ ಇರಬೇಕಿಲ್ಲ ಎಂಬುದು ಆ ಮಾತಿನ ಸಾರ. ಧರ್ಮದಲ್ಲಿ ಭಕ್ತಿ ಏನಾದರೂ ಆಗಲಿ, ರಾಜಕಾರಣದಲ್ಲಿ ಭಕ್ತಿ ಎಂದರೆ ಅಧಃಪತನ, ಕೊನೆಗೆ ಸರ್ವಾಧಿಕಾರ ಎಂದೂ ಅಂದೇ ಎಚ್ಚರಿಸಿದರು. ನಾವು ಆ ಭಾಷಣದಿಂದ ಒಂದು ಓಟು, ಒಂದು ಮೌಲ್ಯ ಎನ್ನುವ ಮಾತನ್ನು ಮಾತ್ರ ಎತ್ತಿಕೊಂಡೆವು. ಋಣದ ಮಾತನ್ನು, ಭಕ್ತಿಯ ಮಾತನ್ನು ಬಿಟ್ಟೆವು.

ಬಿಟ್ಟದ್ದರ ಫಲ ಹೇಳುತ್ತೇನೆ. ಇನ್ನೊಂದು ಚುನಾವಣೆಯಲ್ಲಿ ನಮ್ಮವರದೇ ಒಂದು ಸಭೆ. ನಮ್ಮ ಹುಡುಗರೇ ಸೇರಿದ್ದರು. ಒಬ್ಬ ಎದ್ದು, 'ನಮ್ಮಾಂವಗ ಓಟು ಹಾಕದಾಂವ ಸಮಾಜದ್ರೋಹಿ, ಬಾಬಾಸಾಹೇಬರ ಫೋಟೊ ಮುಟ್ಟಿ ಆಣಿ ಮಾಡ್ರಿ' ಎಂದ. ಎಲ್ಲರೂ ಸಾಲಾಗಿ ಮುಟ್ಟಿದರು. ನಾನೂ ಮುಟ್ಟಿದೆ, ಚಪ್ಪಾಳೆಯನ್ನೂ ತಟ್ಟಿದೆ. ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ. ತಾಟು ಅದೇ. ಫೋಟೊ ಬದಲಾಗಿತ್ತು ಅಷ್ಟೆ. ಮುಟ್ಟದೆ ಇದ್ದರೆ ನನಗೆ ಆಗುತ್ತಿದ್ದ ಅಂಜಿಕೆ, ಆ ರಾತ್ರಿ ಅವ್ವನಿಗೆ ಆದ ಅಂಜಿಕೆಯ ತಂಗಿಯೇ. ಒಗ್ಗಟ್ಟು ಬೇಡವೆಂದು ನಾನು ಹೇಳುತ್ತಿಲ್ಲ. ಚದುರಿದ ಕೇರಿಯನ್ನು ಎಲ್ಲರೂ ತುಳಿಯುತ್ತಾರೆ. ಆದರೆ ಕೂಡಿ ಮಾತಾಡಿ ಒಂದು ನಿರ್ಧಾರಕ್ಕೆ ಬರುವುದು ಬೇರೆ, ದ್ರೋಹಿ ಎನ್ನಿಸಿಕೊಳ್ಳುವ ಭಯಕ್ಕೆ ಕೈ ಎತ್ತುವುದು ಬೇರೆ. ಒಂದರಲ್ಲಿ ಮನುಷ್ಯರು ಕೂಡುತ್ತಾರೆ, ಇನ್ನೊಂದರಲ್ಲಿ ಕುರಿಗಳು ಕೂಡುತ್ತವೆ.

ಊರಿನವರಿಗೂ ಭಯ ಇದೆ. ಕೇರಿ ಎದ್ದು ನಿಂತರೆ ನಮ್ಮ ಮಾತು ಯಾರು ಕೇಳುತ್ತಾರೆ ಎನ್ನುವ ಭಯ. ಪಕ್ಕದ ಓಣಿಯವರು ಹೆಚ್ಚಾಗುತ್ತಾರೆ, ನಮ್ಮ ದೇವರು, ನಮ್ಮ ಹೆಣ್ಣುಮಕ್ಕಳು ಉಳಿಯುವುದಿಲ್ಲ ಎನ್ನುವ ಭಯ. ಇದನ್ನು ಬಿತ್ತಲು ಐನೂರರ ನೋಟೂ ಬೇಕಿಲ್ಲ. ಒಂದು ಮೊಬೈಲು ಸಾಕು. ಇದಕ್ಕೂ ಧರ್ಮ ರಕ್ಷಣೆ, ಸಂಸ್ಕೃತಿ, ಮಾನ ಎಂಬ ಒಳ್ಳೊಳ್ಳೆಯ ಹೆಸರು ಇಟ್ಟಿದ್ದಾರೆ. ಭಯ ಯಾವತ್ತೂ ತನ್ನ ಹೆಸರಿನಲ್ಲಿ ಓಟು ಕೇಳುವುದಿಲ್ಲ.

ಹಾಗಾದರೆ ಭಯವನ್ನೂ ಮೌಲ್ಯವನ್ನೂ ಬೇರೆ ಮಾಡುವುದು ಹೇಗೆ? ನನಗೆ ತಿಳಿದ ಮಟ್ಟಿಗೆ ಒಂದು ಪರೀಕ್ಷೆ ಇದೆ. ಆಣೆ ಎರಡೂ ಕಡೆ ಇದೆಯೋ, ಒಂದೇ ಕಡೆ ಇದೆಯೋ ಎಂದು ನೋಡಬೇಕು. ಮತದಾನದ ದಿನ ಬೆಳಿಗ್ಗೆ ಶಾಲೆಯ ದಾರಿಯಲ್ಲಿ ನಾನು ಅವ್ವನನ್ನು ಕೇಳಿದೆ: 'ಯವ್ವಾ, ನಿನ್ನೆ ನೀ ಭಂಡಾರ ಮುಟ್ಟಿದಿ. ಅವರು ಮುಟ್ಟಿದರೇನು? ಗೆದ್ದ ಮ್ಯಾಲ ಕೇರಿಗೆ ಗಟಾರ ಮಾಡಸ್ತೀವಿ, ನಿಮ್ಮ ಕೂಲಿ ತಪ್ಪಸಂಗಿಲ್ಲ ಅಂತ ಯಾರರ ಒಬ್ಬರು ಎಲ್ಲಮ್ಮನ ಆಣಿ ಮಾಡಿದರೇನು?' ಅವ್ವ ಮಾತಾಡಲಿಲ್ಲ. ಹತ್ತು ಹೆಜ್ಜೆ ನಡೆದ ಮೇಲೆ, 'ಇಲ್ಲ' ಎಂದಳು.

ಅಭ್ಯರ್ಥಿ ಆಣೆಯನ್ನೇ ಮಾಡುವುದಿಲ್ಲ ಎಂದಲ್ಲ. ನಾಮಪತ್ರ ಕೊಡುವಾಗ ಸಂವಿಧಾನಕ್ಕೆ ನಿಷ್ಠನಾಗಿರುತ್ತೇನೆ ಎಂದು ಅವನು ಪ್ರಮಾಣ ಮಾಡಬೇಕು. ಗೆದ್ದರೆ ಸದನದಲ್ಲಿ ಇನ್ನೊಮ್ಮೆ ಮಾಡಬೇಕು. ದೇವರ ಹೆಸರಿನಲ್ಲೇ ಮಾಡುವವರು ಬಹಳ. ಆದರೆ ಆ ಪ್ರಮಾಣ ಮುರಿದರೆ ತನ್ನ ಮಕ್ಕಳಿಗೆ ಜ್ವರ ಬರುತ್ತದೆ ಎಂದು ಯಾವ ಶಾಸಕನೂ ಹೆದರಿದ್ದನ್ನು ನಾನು ಕೇಳಿಲ್ಲ. ಒಂದೇ ದೇವರು, ಒಂದೇ ಆಣೆ, ಭಯ ಮಾತ್ರ ಒಂದು ಕಡೆಗೆ. ಈ ದೇಶದಲ್ಲಿ ಭೂಮಿ ಹೇಗೆ ಹಂಚಿಕೆಯಾಗಿದೆಯೋ ಭಯ ಅದಕ್ಕೆ ಉಲ್ಟಾ ಹಂಚಿಕೆಯಾಗಿದೆ. ಭೂಮಿ ಇದ್ದವನಿಗೆ ಭಯ ಇಲ್ಲ, ಭಯ ಇದ್ದವನಿಗೆ ಭೂಮಿ ಇಲ್ಲ. ಒಂದೇ ಕಡೆಯಿಂದ ಕೊಡಿಸಿಕೊಂಡ ಮಾತು ಮಾತಲ್ಲ, ಅದು ಹೆಬ್ಬೆಟ್ಟು. ಜೀತದ ಕಾಗದಕ್ಕೆ ಒತ್ತಿಸಿಕೊಂಡ ಹೆಬ್ಬೆಟ್ಟನ್ನು ಮುರಿಯುವುದು ಮಾತು ತಪ್ಪಿದಂತೆ ಅಲ್ಲ.

ಅಂದ ಮಾತ್ರಕ್ಕೆ ನಾವು ಕೇರಿಗೆ ಹೋಗಿ 'ರೊಕ್ಕ ತಗೊಂಡು ಮೋಸ ಮಾಡ್ರಿ' ಎಂದು ಕಲಿಸಬೇಕೇ? ಅನೇಕ ಗೆಳೆಯರು ಹಾಗೇ ಹೇಳುತ್ತಾರೆ. ಮೊದಲು ನಾನೂ ಹೇಳಿದೆ. ಈಗ ಹೇಳಲಾರೆ. ರೊಕ್ಕ ತೆಗೆದುಕೊಳ್ಳುವುದೂ ಕಾನೂನಿನ ಕಣ್ಣಿನಲ್ಲಿ ತಪ್ಪೇ. ಅದಕ್ಕಿಂತ ಹೆಚ್ಚಾಗಿ, ನಮ್ಮವ್ವನ ಹತ್ತಿರ ಉಳಿದಿರುವ ಒಂದೇ ಆಸ್ತಿಯನ್ನು, ಅವಳ ಮಾತಿನ ಬೆಲೆಯನ್ನು, ಹರಾಜಿಗೆ ಹಾಕು ಎಂದು ಹೇಳುವ ಅಧಿಕಾರ ನನಗೆ ಯಾರು ಕೊಟ್ಟರು? ನಾವು ಹೇಳಬೇಕಾದದ್ದು ಬೇರೆ. ನಿಯತ್ತು ದೊಡ್ಡದು, ಅದನ್ನು ಇಟ್ಟುಕೊ. ಆದರೆ ಅದು ಯಾರಿಗೆ ಸಲ್ಲಬೇಕು ಎಂದು ಕೇಳಿಕೊ. ಒಂದು ರಾತ್ರಿ ಬಂದವನಿಗೋ, ಐದು ವರ್ಷ ನಿನ್ನ ಜೊತೆ ಬದುಕುವ ಕೇರಿಗೋ? ನಿನ್ನ ಮೊಮ್ಮಗಳ ಶಾಲೆಗೋ? ನಿನಗೋ?

ಹಳ್ಳಿಯ ಮಾಸ್ತರರಿಗೆ ಒಂದು ಮಾತು. ಮತದಾನದ ದಿನ ಆ ಕೋಣೆಯಲ್ಲಿ ಕೂಡುವವರು ಬಹುಮಟ್ಟಿಗೆ ನೀವೇ. ರಟ್ಟಿನ ಮರೆ ಕಿಟಕಿಯ ಕಡೆಗೆ ತೆರೆದುಕೊಂಡಿದೆಯೋ, ಗೋಡೆಯ ಕಡೆಗೋ ನೋಡಿರಿ. ಕಣ್ಣು ಕಾಣದವರ, ಕೈಲಾಗದವರ ಜೊತೆ ಒಳಗೆ ಹೋಗುವವನು ಒಂದು ದಿನಕ್ಕೆ ಒಬ್ಬರಿಗಿಂತ ಹೆಚ್ಚು ಜನರಿಗೆ ಜೊತೆಗಾರನಾಗುವಂತಿಲ್ಲ, ಗುಟ್ಟು ಕಾಯುತ್ತೇನೆ ಎಂದು ಬರೆದುಕೊಡಬೇಕು. ಈ ನಿಯಮವನ್ನು ಬಿಗಿಯಾಗಿ ಹಿಡಿದರೆ ಹತ್ತು ಮುದುಕಿಯರ ಓಟು ಉಳಿಯುತ್ತದೆ. ಬೆರಳಿಗೆ ಮಸಿ ಹಚ್ಚುವಾಗ ಒಂದು ಮಾತು ಹೇಳಿರಿ. 1962ರಿಂದ ಈ ಮಸಿ ಮೈಸೂರಿನ ಬಣ್ಣದ ಕಾರ್ಖಾನೆಯಿಂದ ದೇಶಕ್ಕೆಲ್ಲ ಹೋಗುತ್ತಿದೆ. ನೀನು ಓಟು ಹಾಕಿದೆ ಎಂಬುದನ್ನು ಅದು ಹೇಳುತ್ತದೆ. ಯಾರಿಗೆ ಎಂಬುದನ್ನು ಹೇಳುವುದಿಲ್ಲ. ಇನ್ನು ಸಂಘಟನೆಯ ಗೆಳೆಯರು ಟೋಟಲೈಜರ್ ಬೇಕೆಂದು ಕೇಳಬೇಕು. ಚುನಾವಣೆಯ ಮರುದಿನ ಕೂಲಿ ತಪ್ಪಿದವರ ಮನೆಗೆ ಮೊದಲು ಹೋಗಬೇಕು. ಓಟಿನ ಹಿಂದಿನ ದಿನದ ಭಾಷಣಕ್ಕಿಂತ ಮರುದಿನದ ಜೋಳದ ಚೀಲ ಭಯವನ್ನು ಹೆಚ್ಚು ಕಡಿಮೆ ಮಾಡುತ್ತದೆ.

ಅವತ್ತು ಅವ್ವ ಸರದಿಯಲ್ಲಿ ನಿಂತು ಒಳಗೆ ಹೋದಳು. ಬಹಳ ಹೊತ್ತಾಯಿತು ಎಂದು ನನಗೆ ಅನ್ನಿಸಿತು. ಹೊರಗೆ ಬಂದು, ಸೆರಗಿನಿಂದ ಮಾರಿ ಒರಸಿಕೊಂಡಳು. ನಾನು ತಡೆಯಲಾರದೆ ಕೇಳಿದೆ: 'ಯಾರಿಗೆ ಹಾಕಿದೆವ್ವಾ?'

'ನಿನಗ್ಯಾಕ ಬೇಕು ಅದು?' ಎಂದಳು. 'ಅವರು ಕೇಳ್ತಾರ ಅಂತ ನೀನ ಬೈತಿದ್ದಿ. ಈಗ ನೀನೂ ಕೇಳಾಕತ್ತಿ. ಸುಮ್ಮ ನಡಿ, ಬಿಸಿಲು ಏರೈತಿ.'

ಅವಳು ಆಣೆ ಉಳಿಸಿಕೊಂಡಳೋ, ಮುರಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಮತ್ತೆ ಕೇಳಿಲ್ಲ, ಕೇಳುವುದೂ ಇಲ್ಲ.